ಕೈಯಲ್ಲಿ ತೆಗೆಯುವ ಟಾಪ್

ಈ ಕಥೆಯನ್ನು ಮೊದಲು ಹೇಳಿದವಳು ಇದರಲ್ಲಿ ಬರುವ ಅಕ್ಕತಮ್ಮಂದಿರಲ್ಲಿ ತಮ್ಮನ ಹೆಂಡತಿ. ಜೂನ್ ತಿಂಗಳ ಒಂದು ಸಂಜೆ, ಕಾರುಗಳ ನೆತ್ತಿಗೆ ಬಟ್ಟೆಯ ಟಾಪ್ ಹೊಲಿದು ಕೂರಿಸುವ ಗ್ಯಾರೇಜಿನಲ್ಲಿ, ಹೊಸ ಕಾರೊಂದು ಒಳಗೆ ಬಂದು ನಿಂತ ಮೇಲೆ ಹೇಳಿದಳು. ಗಂಡ ಅಲ್ಲಿ ಟಾಪ್ ಕೂರಿಸುವವನು, ಅವಳು ಹೊಲಿಗೆ ಮಿಷನ್ನಿನವಳು. ಗಂಡ ಆಗ ಶೋರೂಮಿನಲ್ಲಿ ಕಾಗದಪತ್ರಕ್ಕೆ ಸಹಿ ಹಾಕುತ್ತಿದ್ದ. ಕೇಳಲು ಕೂತವರು ಯಜಮಾನ ದೊಡ್ಡ ಮೇಸ್ತ್ರಿ, ಪೇಂಟರ್ ಮತ್ತು ವೆಲ್ಡರ್.

"ಈ ಕಾರು ನಮ್ಮತ್ತಿಗೇದು, ನಮ್ಮನೆಯವರ ಅಕ್ಕಂದು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನ ನೋಡಿಕೊಳ್ಳೋ ನರ್ಸು ಅವರು. ಹೋದ ಮಳೆಗಾಲ ಕಾರಿನೊಳಗೆ ನೀರಲ್ಲಿ ಸಿಕ್ಕಿಬಿದ್ದ ಮೇಲೆ ಮುಚ್ಚಿದ ಕಾರಲ್ಲಿ ಅವರಿಗೆ ಕೂರೋಕಾಗಲ್ಲ. ಕಾರಿಲ್ದಿದ್ರೆ ಆ ಕೆಲಸ ಇಲ್ಲ. ಇಷ್ಟು ಮೊದಲೇ ಹೇಳಿಬಿಡ್ತೀನಿ. ನಮಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ದೆ ಏನು ಮಾಡಿದ್ವಿ ಅನ್ನೋದು ಇದರಲ್ಲಿದೆ," ಎಂದು ಚೀಲದಿಂದ ಅತ್ತಿಗೆಯೂ ಗಂಡನೂ ಬರೆದುಕೊಂಡಿದ್ದ ಕಾಗದಗಳನ್ನು ತೆಗೆದು, ತಾರೀಖು ನೋಡಿ ಜೋಡಿಸಿಕೊಂಡು, ಓದತೊಡಗಿದಳು.

ಮಾರ್ಚ್ 2

ಪುಕ್ಕಲನಿಗೆ ಅಕ್ಕನ ಆಶೀರ್ವಾದ.

ಫೋನು ಮಾಡಬಹುದಿತ್ತು. ಮಾಡಿದರೆ ಏನಾಗುತ್ತದೆಂದು ನಿನಗೂ ಗೊತ್ತು, ನನ್ನ ಪಕ್ಕದ ಮನೆಯವರಿಗೂ ಗೊತ್ತು. ಹೋದ ಸಲ ನೀನು "ಆ ಸುತ್ತಾಟ ಬಿಟ್ಟು ಆಸ್ಪತ್ರೆಯಲ್ಲಿ ಕುರ್ಚಿ ಕೆಲಸ ತಗೋ" ಅಂದೆ, ನಾನು ಫೋನು ಕುಕ್ಕಿದೆ. ಸಿಟ್ಟಿದ್ದಾಗ ಬಾಯಿ ತೆರೆಯಬಾರದು, ಕಾಗದ ಬರೆಯಬೇಕು ಎಂದು ಅಮ್ಮ ನಮ್ಮಿಬ್ಬರಿಗೆ ಹಾಕಿದ್ದ ಕಟ್ಟಳೆ ನೆನಪಿದೆಯಲ್ಲ. ಅಂಚೆಯವನು ತಲುಪಿಸುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ ಎಂದು ಅವಳ ಲೆಕ್ಕ. ಆದ್ದರಿಂದ ಇದು ಕಾಗದ.

ವಿಷಯ ಇಷ್ಟೇ. ನಾನು ಕಾರು ಕೊಳ್ಳುತ್ತಿದ್ದೇನೆ. ಟಾಪ್ ತೆಗೆಯುವ ಕಾರು, ಎರಡು ಸೀಟಿನದು, ಸ್ಪೋರ್ಟ್ಸ್ ಕಾರು ಅನ್ನುತ್ತಾರಲ್ಲ, ಅದೇ. ದಿನಾ ರೋಗಿಗಳ ಮನೆಗೆ ಅದರಲ್ಲೇ ಹೋಗುವುದು. ನಗಬೇಡ. ನಗಲೇಬೇಕೆಂದರೆ ನಕ್ಕು ಮುಗಿಸಿ ಮುಂದೆ ಓದು.

ಹುಟ್ಟಿದಾಗಿನಿಂದ ನೀನು ಮಾಡಿದ್ದೆಲ್ಲ ನನಗೆ ಉಪದ್ರವವೇ. ಈಗ ಮೊದಲ ಸಲ ಉಪಯೋಗಕ್ಕೆ ಬಾ. ಟಾಪಿನ ವಿಷಯ ನಿನ್ನಷ್ಟು ತಿಳಿದವರು ನನಗೆ ಬೇರೆ ಯಾರೂ ಗೊತ್ತಿಲ್ಲ. ನಿಮ್ಮ ಗ್ಯಾರೇಜಿನ ಎದುರಿನ ಶೋರೂಮಿನಲ್ಲಿ ನಿನ್ನ ಗೆಳೆಯನೊಬ್ಬ ಇದ್ದಾನಲ್ಲ, ಯಾವಾಗಲೂ ಟೈ ಕಟ್ಟಿಕೊಂಡು ಉಸಿರುಗಟ್ಟಿದವನ ಹಾಗಿರುವವನು, ಅವನ ಮೂಲಕ ಬುಕ್ ಮಾಡು. ಏನೇನು ಹಾಕಿಸಬಹುದು, ಏನು ಬೇಡ, ಬರೆ.

ಅಕ್ಕ

ಮಾರ್ಚ್ 9

ಅಕ್ಕನಿಗೆ ನಮಸ್ಕಾರ.

ನಕ್ಕು ಮುಗಿಸಲು ಎರಡು ದಿನ ಹಿಡಿಯಿತು. ಕಾಗದವನ್ನು ನನ್ನವಳಿಗೆ ಓದಿ ಹೇಳಿದೆ. "ಎರಡೇ ಸೀಟು ಅಂದ್ರೆ ಅತ್ತಿಗೆಗೆ ಯಾರೋ ಸಿಕ್ಕಿದ್ದಾರೆ, ನೀವು ಬಾಯ್ಮುಚ್ಕೊಂಡು ಬುಕ್ ಮಾಡಿ" ಅಂದಳು. ಯಾರೆಂದು ಬರೆ. ನಿಮ್ಮ ಆಸ್ಪತ್ರೆಯ ಆ ಕನ್ನಡಕದ ಡಾಕ್ಟರೇ?

ಇನ್ನು ಕಾರಿಗೆ ಬರೋಣ. ಬುಕ್ ಮಾಡಿದ ಮೇಲೆ ಏಪ್ರಿಲ್ 10ರವರೆಗೆ ಏನು ಬೇಕಾದರೂ ಬದಲಾಯಿಸಬಹುದು. ಆಮೇಲೆ ಫ್ಯಾಕ್ಟರಿಯವರು ಬೀಗ ಹಾಕಿಬಿಡುತ್ತಾರೆ, ದೇವರು ಬಂದು ಕೇಳಿದರೂ ಬದಲಾಯಿಸುವುದಿಲ್ಲ. ಕಾರು ಜೂನ್ ಮೊದಲ ವಾರ ಕೈಗೆ ಬರುತ್ತದೆ.

ದೊಡ್ಡ ಚಕ್ರ ಬೇಡ. ನೋಡಲು ಚೆನ್ನ, ಪ್ರತಿ ಗುಂಡಿಯೂ ಬೆನ್ನುಮೂಳೆಗೆ ತಲುಪುತ್ತದೆ. ನೆಲಕ್ಕೆ ತಗ್ಗಿಸಿದ ಮಾದರಿ ಅಂತ ಟೈ ಸಾಹೇಬ ಹಲ್ಲು ಕಿರಿದು ತೋರಿಸುತ್ತಾನೆ, ಅದೂ ಬೇಡ, ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಹೊಟ್ಟೆ ಉಜ್ಜುತ್ತದೆ. ಸೀಟು ಬಿಸಿಯಾಗುವುದು ಬೇಕೇ ಬೇಕು. ಟಾಪ್ ತೆಗೆದಾಗ ಮುಖಕ್ಕಿಂತ ಸೊಂಟಕ್ಕೇ ಚಳಿ ಜಾಸ್ತಿ. ಸೀಟಿನ ಹಿಂದೆ ಗಾಳಿ ತಡೆಯುವ ಬಲೆ ಹಾಕಿಸು, ಇಲ್ಲದಿದ್ದರೆ ತಲೆಗೂದಲು ಬಾಯಿಗೆ ಬರುತ್ತದೆ. ಸ್ಟೆಪ್ನಿ ಕೊಡುವುದಿಲ್ಲವಂತೆ, ಕೇಳಿ ಹಾಕಿಸಬೇಕು.

ಟಾಪ್ ಮೂರು ಥರ. ಕೈಯಲ್ಲಿ ಕೊಂಡಿ ಬಿಚ್ಚಿ ಹಿಂದಕ್ಕೆ ತಳ್ಳುವ ಬಟ್ಟೆಯದು, ಮೋಟರಿನ ಬಟ್ಟೆಯದು, ಮಡಚಿಕೊಳ್ಳುವ ತಗಡಿನದು. ದಿನಾ ಓಡಿಸುವವರಿಗೆ ತಗಡಿನದೇ ಸರಿ. ಹೊಟ್ಟೆಪಾಡಿಗೆ ಬಟ್ಟೆಯ ಟಾಪ್ ಹೊಲಿಯುವ ನಾನೇ ಹೇಳುತ್ತಿದ್ದೇನೆ, ನಂಬು.

ಅದು ಸರಿ, ಇಲಾಖೆಯ ಕಾರು ಎಲ್ಲಿ ಹೋಯಿತು? ನಿನ್ನನ್ನು ಕರೆದುಕೊಂಡು ಹೋಗಲು ಡ್ರೈವರಣ್ಣ ಇದ್ದನಲ್ಲ?

ನಿನ್ನ ತಮ್ಮ

ಮಾರ್ಚ್ 16

ಪುಕ್ಕಲನಿಗೆ,

ಎರಡನೇ ಸೀಟಿನಲ್ಲಿ ಕೂರುವವನು ಸಿಕ್ಕಿದ್ದಾನೆ. ಚೌಕ ಮುಖ, ಮೈಯೆಲ್ಲ ಸ್ಟೀಲು, ಒಳಗೆ ಹತ್ತಿ ಮತ್ತು ಬ್ಯಾಂಡೇಜು. ಮಾತಾಡುವುದಿಲ್ಲ, ಅದೊಂದು ಗುಣಕ್ಕೇ ಒಪ್ಪಿಕೊಂಡೆ. ನಿನ್ನವಳಿಗೆ ಹೇಳು.

ಇಲಾಖೆಯ ಕಾರು ಕೆಟ್ಟಿದೆ. ಹೋದ ಮಳೆಗಾಲ ಸೇತುವೆಯ ಕೆಳಗೆ ನೀರು ನುಗ್ಗಿತ್ತೆಂದು ಬರೆದಿದ್ದೆನಲ್ಲ, ಆಗಿನಿಂದ. ನನಗೇನೂ ಆಗಲಿಲ್ಲ, ಸೀರೆ ನೆನೆಯಿತು ಅಷ್ಟೇ. ಈಗ ನಡೆದೂ, ಬಸ್ಸಿನಲ್ಲೂ ಹೋಗುತ್ತಿದ್ದೇನೆ. ಸ್ಕೂಟರ್ ತಗೋ ಎಂದು ಬರೆಯಬೇಡ, ಆಪರೇಶನ್ ಆದ ಮೊಣಕಾಲು ಅದನ್ನು ತಡೆಯುವುದಿಲ್ಲ.

ಚಿಕ್ಕ ಚಕ್ರ, ಬಿಸಿ ಸೀಟು, ಬಲೆ, ಸ್ಟೆಪ್ನಿ ಎಲ್ಲ ಸರಿ. ಬಣ್ಣ ಯಾವುದಾದರೂ ಆಗಲಿ. ಟಾಪ್ ಮಾತ್ರ ಕೈಯಲ್ಲಿ ತೆಗೆಯುವ ಬಟ್ಟೆಯದು.

ಅಕ್ಕ

ಮಾರ್ಚ್ 24

ಅಕ್ಕನಿಗೆ,

ನಿನ್ನ ಹಟ ನನಗೆ ಹೊಸದಲ್ಲ. ಆದರೂ ಕೇಳು.

ನಿನ್ನೆ ಒಂದು ಕಾರು ಬಂದಿತ್ತು. ಬಟ್ಟೆಯ ಟಾಪನ್ನು ಯಾರೋ ಬ್ಲೇಡಿನಿಂದ ಉದ್ದಕ್ಕೆ ಸೀಳಿದ್ದಾರೆ, ಒಳಗಿದ್ದ ಛತ್ರಿಗೋಸ್ಕರ! ಅದಕ್ಕೆ ಮೊದಲು ಬಂದದ್ದರಲ್ಲಿ ನೆಂದ ಬಟ್ಟೆಯನ್ನು ಹಾಗೇ ಮಡಚಿಟ್ಟು ಅಣಬೆ ಬೆಳೆದಿತ್ತು. ಕೈಯಲ್ಲಿ ತೆಗೆಯುವ ಟಾಪ್ ಎಂದರೆ ಬಿಡುವಿನ ದಿನ ಗಾಳಿ ತಿನ್ನಲು ಹೋಗುವವರದು. ನೀನು ದಿನಕ್ಕೆ ಹತ್ತಾರು ಮನೆ ಹತ್ತಿ ಇಳಿಯುವವಳು. ಮಳೆ ಬಂದರೆ ರಸ್ತೆ ಬದಿಯಲ್ಲಿ ನಿಲ್ಲಿಸಿ, ಆ ಮೊಣಕಾಲಿಟ್ಟುಕೊಂಡು ತಿರುಗಿ, ಟಾಪ್ ಎಳೆದು, ಕೊಂಡಿ ಹಾಕಿ... ಅಷ್ಟರಲ್ಲಿ ನಿನ್ನ ಚೌಕ ಮುಖದವನೂ ನೆಂದು ತೊಪ್ಪೆಯಾಗುತ್ತಾನೆ.

ನನ್ನ ಮೇಲೆ ಬಿಟ್ಟುಬಿಡು. ಟಾಪಿನ ವಿಷಯದಲ್ಲಾದರೂ ನಾನು ನಿನಗೆ ಅಣ್ಣ.

ತಮ್ಮ

ಮಾರ್ಚ್ 31

ತಮ್ಮನಿಗೆ,

ನಿನ್ನ ಮೇಲೆ ಬಿಡುವುದಿಲ್ಲ. ಕೈಯಲ್ಲಿ ತೆಗೆಯುವ ಬಟ್ಟೆಯ ಟಾಪ್. ಮೋಟರ್ ಬೇಡ, ತಗಡು ಬೇಡ. ಕಾರಣ ಕೇಳಬೇಡ. ಕೊಳ್ಳುವವಳು ನಾನು, ಓಡಿಸುವವಳು ನಾನು.

ನಮ್ಮ ಮೇಲಧಿಕಾರಿ ಮೇಡಂ ನಿನ್ನೆ ಕರೆಸಿದ್ದರು. "ಸಿಸ್ಟರ್, ಗುಡ್ಡದಾಚೆಯ ಮನೆಗಳಿಗೆ ನೀವು ಹೋಗ್ತಾನೇ ಇಲ್ಲ. ಜೂನ್ ಮುಗಿಯೋದ್ರೊಳಗೆ ಗಾಡಿ ಮಾಡ್ಕೊಳ್ಳಿ. ಇಲ್ದಿದ್ರೆ ನಿಮ್ಮನ್ನ ಆಸ್ಪತ್ರೆ ಒಳಗೆ ಕೂರಿಸ್ತೀನಿ, ಆ ಮನೆಗಳಿಗೆ ಬೇರೆಯವರನ್ನ ನೋಡ್ತೀನಿ," ಅಂದರು. ಬೇರೆಯವರು ಯಾರಿದ್ದಾರೆ? ಯಾರೂ ಇಲ್ಲ. ಕಾಲಿನ ಹುಣ್ಣಿನ ಅಜ್ಜಿ ಇದ್ದಾಳೆ, ಮೂಗಿನ ಕೊಳವೆಯಲ್ಲಿ ಊಟ ಮಾಡುವ ಮೇಷ್ಟ್ರು ಇದ್ದಾರೆ. ನನ್ನನ್ನು ಒಳಗೆ ಕೂರಿಸಿದರೆ ಅವರ ಬಾಗಿಲು ತಟ್ಟುವವರು ಇರುವುದಿಲ್ಲ.

ಕಾರು ಜೂನ್ ಮೊದಲ ವಾರ ಬರುತ್ತದೆಂದು ಬರೆದು ಕೊಟ್ಟು ಬಂದಿದ್ದೇನೆ. ಬುಕಿಂಗ್ ಕಾಗದದಲ್ಲಿ ಟಾಪಿನ ಜಾಗ ನೋಡಿ ನನಗೆ ತಿಳಿಸು.

ಅಕ್ಕ

ಏಪ್ರಿಲ್ 12

ಅಕ್ಕನಿಗೆ ನಮಸ್ಕಾರ.

ಬೇಕೆಂದೇ ತಡ ಮಾಡಿ ಬರೆಯುತ್ತಿದ್ದೇನೆ. ಫ್ಯಾಕ್ಟರಿಯವರು ಬೀಗ ಹಾಕಿದ್ದಾರೆ, ಇನ್ನು ನೀನು ಕೂಗಾಡಿದರೂ ಪ್ರಯೋಜನವಿಲ್ಲ!

ನೀನು ಹೇಳಿದ ಹಾಗೆ ಬಟ್ಟೆಯ ಟಾಪೇ. ಆದರೆ ಮೋಟರಿನದು. ಮೇಲ್ಖರ್ಚು ನನ್ನದೂ ನನ್ನವಳದೂ, ನಮ್ಮ ಉಡುಗೊರೆ. ಅಷ್ಟೇ ಅಲ್ಲ, ಇದರ ಹೊಸ ಚಮತ್ಕಾರ ಕೇಳು. ಗಾಜಿನ ಮೇಲೆ ಮೊದಲ ಹನಿ ಬಿದ್ದ ಕೂಡಲೇ ಟಾಪ್ ತಾನೇ ಮುಚ್ಚಿಕೊಳ್ಳುತ್ತದೆ, ಕಿಟಕಿಗಳೂ ತಾವೇ ಏರುತ್ತವೆ, ಬಾಗಿಲು ತಾನೇ ಲಾಕ್ ಆಗುತ್ತದೆ. ನೀನು ಬೆರಳು ಎತ್ತಬೇಕಿಲ್ಲ. ಮಳೆ ನಿಲ್ಲುವವರೆಗೆ ತೆಗೆ ಅಂದರೂ ತೆಗೆಯುವುದಿಲ್ಲ, ಅಷ್ಟು ಜಾಣ. ಟೈ ಸಾಹೇಬ ಶೋರೂಮಿನ ಕಾರಿನ ಮೇಲೆ ಲೋಟದಲ್ಲಿ ನೀರು ಚಿಮುಕಿಸಿ ತೋರಿಸಿದ. ನನ್ನವಳು ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

ಹೋದ ಮಳೆಗಾಲ ನಿನ್ನ ಸೀರೆ ನೆಂದಿತಲ್ಲ, ಇನ್ನು ಒಂದು ಹನಿಯೂ ತಾಗುವುದಿಲ್ಲ.

ನಿನ್ನ ಪುಕ್ಕಲ

ಏಪ್ರಿಲ್ 17

ಬದಲಾಯಿಸು. ಯಾರ ಕಾಲಾದರೂ ಹಿಡಿ. ಬದಲಾಯಿಸಲಾಗದಿದ್ದರೆ ಆ ಕಾರು ನನಗೆ ಬೇಡ.

ಏಪ್ರಿಲ್ 22

ಅಕ್ಕನಿಗೆ,

ಮೇಲೆ ಒಕ್ಕಣೆಯಿಲ್ಲ, ಕೆಳಗೆ ಹೆಸರಿಲ್ಲ. ತಂತಿ ಬಂದಾಗ ಜನ ಅಳುತ್ತಿದ್ದರಂತಲ್ಲ, ಹಾಗಾಯಿತು ನಮ್ಮ ಮನೆಯಲ್ಲಿ. ನನ್ನವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ನಿನ್ನ ತಮ್ಮ ಒಂದು ಉಡುಗೊರೆ ಕೊಟ್ಟರೆ ನಿನ್ನ ಕಿರೀಟ ಬೀಳುತ್ತದೆಯೇ? ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಕೊಡುವವಳು ನೀನು, ತಗೊಳ್ಳುವವನು ನಾನು. ಧೈರ್ಯದವಳು ನೀನು, ಪುಕ್ಕಲ ನಾನು. ಕತ್ತಲೆ ಎಂದು ಬಚ್ಚಲಿಗೆ ಹೋಗಲು ನಾನು ಹೆದರಿದರೆ ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದವಳು ನೀನು. ನಲವತ್ತು ದಾಟಿದರೂ ಅದೇ ಹೆಸರಿನಲ್ಲಿ ಕಾಗದ ಬರೆಯುತ್ತೀಯ, ನಾನೂ ನಗುತ್ತೇನೆ. ಒಂದೇ ಒಂದು ಸಲ ನಿನಗೆ ಆಸರೆಯಾಗೋಣ ಎಂದುಕೊಂಡೆ. ತಪ್ಪಾಯಿತು.

ಬದಲಾಯಿಸಲು ಆಗುವುದಿಲ್ಲ. ಕೇಳಿದೆ. ಬೇಡವಾದರೆ ಟೈ ಸಾಹೇಬ ಬೇರೆಯವರಿಗೆ ಮಾರುತ್ತಾನೆ. ಹೊಸದಾಗಿ ಬುಕ್ ಮಾಡಿದರೆ ಚಳಿಗಾಲಕ್ಕೆ ಬರುತ್ತದೆ. ನಿನ್ನ ಇಷ್ಟ.

ತಮ್ಮ

ಏಪ್ರಿಲ್ 28

ನನ್ನ ತಮ್ಮನಿಗೆ,

ಈ ಕಾಗದವನ್ನು ಬರೆದು ಹರಿದು, ಬರೆದು ಹರಿದು, ಇದು ಎಷ್ಟನೆಯದೋ.

ಸೀರೆ ನೆನೆಯಿತು ಎಂದು ಬರೆದದ್ದು ಸುಳ್ಳು. ಆ ದಿನ ಸೇತುವೆಯ ಕೆಳಗೆ ನಾವು ಇಳಿದಾಗ ನೀರು ಚಕ್ರದ ಮಟ್ಟಕ್ಕಿತ್ತು. ನಡುವೆ ಹೋದಾಗ ಎಂಜಿನ್ ನಿಂತಿತು. "ಸಿಸ್ಟರ್, ಗಾಜು ಇಳಿಸಿ," ಅಂದ ಡ್ರೈವರಣ್ಣ. ಗುಂಡಿ ಒತ್ತಿದೆ. ಅದು ಸತ್ತುಹೋಗಿತ್ತು. ಬಾಗಿಲು ತಳ್ಳಿದೆ, ಆಚೆಯಿಂದ ಯಾರೋ ಬೆನ್ನು ಕೊಟ್ಟು ಕೂತ ಹಾಗೆ ಭದ್ರ. ನೀರು ಮೊದಲು ಪಾದಕ್ಕೆ ಬಂತು, ಆಮೇಲೆ ಮಡಿಲಿಗೆ, ಆಮೇಲೆ ಕೊರಳಿಗೆ. ನನ್ನ ಬ್ಯಾಂಡೇಜಿನ ಡಬ್ಬಿ ತೇಲಿ ಬಂದು ಕೆನ್ನೆಗೆ ತಾಗುತ್ತಿತ್ತು. ತಲೆಯ ಮೇಲೆ ತಗಡು, ತಗಡಿಗೂ ನನ್ನ ಮೂಗಿಗೂ ನಡುವೆ ಒಂದು ಗೇಣು ಗಾಳಿ. ಡ್ರೈವರಣ್ಣ ಹಿಂದಿನ ಗಾಜನ್ನು ಜಾಕಿನ ಕಂಬಿಯಿಂದ ಒಡೆದು ನನ್ನ ಜಡೆ ಹಿಡಿದು ಎಳೆದ. ಅವನಿಲ್ಲದಿದ್ದರೆ ನಿನಗೆ ಬೇರೆ ಥರದ ಕಾಗದ ಬರುತ್ತಿತ್ತು.

ಆಮೇಲೆ ಎಲ್ಲ ಸರಿಹೋಯಿತೆಂದುಕೊಂಡೆ. ಹೊಸ ಗಾಡಿ ಕೊಟ್ಟರು. ಹತ್ತಿ ಬಾಗಿಲು ಹಾಕಿಕೊಂಡೆ. ಮೊದಲ ತಿರುವು ದಾಟುವಷ್ಟರಲ್ಲಿ ಕಿರುಚಿ ನಿಲ್ಲಿಸಿ, ಇಳಿದು ಚರಂಡಿಗೆ ವಾಂತಿ ಮಾಡಿಕೊಂಡೆ. ಏನೋ ನೆಪ ಹೇಳಿ ಗಾಡಿ ಹಿಂದಿರುಗಿಸಿದೆ. ಕಾರು ಕೆಟ್ಟಿದೆ ಎಂದು ನಿನಗೆ ಬರೆದೆ, ಕೆಟ್ಟದ್ದು ಕಾರಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಗದಿದ್ದರೆ ಇಳಿದುಬಿಡುತ್ತೇನೆ. ಸ್ನಾನ ಮಾಡುವಾಗ ಬಚ್ಚಲ ಬಾಗಿಲು ಓರೆ ಮಾಡಿಟ್ಟುಕೊಳ್ಳುತ್ತೇನೆ. ಹೌದು, ನಾನು. ಬೀದಿಯ ಮಕ್ಕಳನ್ನು ಕರೆದವಳು.

ಅದಕ್ಕೇ ನಿನಗೆ ಹೇಳಲಿಲ್ಲ. ನೀನು ನಗುತ್ತೀಯ ಎಂದಲ್ಲ. ನೀನು ನಗುವುದಿಲ್ಲವಲ್ಲ, ಅದು ಇನ್ನೂ ಕಷ್ಟ.

ಹುಣ್ಣಿನ ಅಜ್ಜಿಯ ವಿಷಯ ಪೂರ್ತಿ ಬರೆದಿರಲಿಲ್ಲ. ಫೆಬ್ರವರಿಯಲ್ಲಿ ಬಸ್ಸುಗಳೆಲ್ಲ ತುಂಬಿ ಬಂದವು, ನಾನು ಹತ್ತಲಿಲ್ಲ. ಹೋಗುವಷ್ಟರಲ್ಲಿ ಹುಣ್ಣು ಕಪ್ಪಾಗಿತ್ತು. ಹೆಬ್ಬೆರಳು ತೆಗೆದರು. "ನೀನು ಬರ್ತೀಯ ಅಂತ ಕಾಲು ತೊಳ್ಕೊಂಡು ಕೂತಿದ್ದೆ ಮಗಳೇ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆ ವಾರವೇ ಇಲ್ಲಿನ ಶೋರೂಮಿನ ಮುಂದೆ ಟಾಪ್ ತೆಗೆದ ಕಾರು ನಿಂತಿತ್ತು. ಕೇಳಿ ಹತ್ತಿ ಕೂತೆ. ಬಾಗಿಲು ಹಾಕಿಕೊಂಡೆ. ಏನೂ ಆಗಲಿಲ್ಲ. ಮೇಲೆ ಆಕಾಶವಿತ್ತು. ಸ್ಟಿಯರಿಂಗ್ ಹಿಡಿದು, ಎಷ್ಟೋ ತಿಂಗಳ ಮೇಲೆ ಕಾರಿನಲ್ಲಿ ಸುಮ್ಮನೆ ಉಸಿರಾಡಿದೆ.

ಮಳೆಗೆ ಟಾಪ್ ಹಾಕಲೇಬೇಕು, ಗೊತ್ತು. ಹಾಕಿಕೊಳ್ಳಬಲ್ಲೆ, ನನ್ನ ಕೈಯಲ್ಲಿ ಹಾಕಿದ್ದು ನನ್ನ ಕೈಯಲ್ಲೇ ತೆಗೆಯುತ್ತದೆ ಎಂದು ಗೊತ್ತಿದ್ದರೆ. ಗುಂಡಿ ಒತ್ತಿ ಕಾಯುವುದು ನನ್ನಿಂದ ಆಗದು. ಮಳೆ ಬಂದ ಕೂಡಲೇ ತಾನೇ ಮುಚ್ಚಿ ಲಾಕ್ ಹಾಕಿಕೊಳ್ಳುವ ಕಾರು ಎಂದು ನೀನು ಸಂತೋಷದಿಂದ ಬರೆದೆಯಲ್ಲ, ಅದನ್ನು ಓದಿ ಅಂಗಳಕ್ಕೆ ಹೋಗಿ ನಿಂತೆ. ಒಳಗೆ ಬರಲು ತುಂಬಾ ಹೊತ್ತು ಹಿಡಿಯಿತು.

ನಿನ್ನವಳಿಗೆ ನನ್ನ ಮೇಲೆ ಬೇಸರ ಬೇಡವೆಂದು ಹೇಳು.

ಅಕ್ಕ

ಮೇ 19

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಬರೆಯುವ ಮೊದಲು ಏನಾದರೂ ಮಾಡಿ ಆಮೇಲೆ ಬರೆಯೋಣ ಎಂದುಕೊಂಡೆ. ಏನೂ ಮಾಡಲಾಗಲಿಲ್ಲ.

ಟೈ ಸಾಹೇಬ ಫ್ಯಾಕ್ಟರಿಗೆ ಫೋನು ಮಾಡಿದ, ಆಗುವುದಿಲ್ಲ ಅಂದರು. ಮೋಟರ್ ಕಿತ್ತು ಕೈಯದ್ದು ಮಾಡುವುದು ನನಗೆ ಗೊತ್ತು, ಹಳೆಯ ಕಾರುಗಳಿಗೆ ಮಾಡಿದ್ದೇನೆ. ಆದರೆ ಇಬ್ಬರು ಮೂವರು ಹಿಡಿಯಬೇಕು, ಕಂಬಿ ಬಗ್ಗಿಸಿ ಬೆಸೆಯಬೇಕು, ಗ್ಯಾರೇಜಿನಲ್ಲೇ ಆಗಬೇಕು. ದೊಡ್ಡ ಮೇಸ್ತ್ರಿಯನ್ನು ಕೇಳಿದೆ. "ಶೋರೂಮಿಂದ ಬಂದ ಹೊಸ ಕಾರಿನ ಹೊಟ್ಟೆ ಕುಯ್ಯೋದಾ? ಗ್ಯಾರಂಟಿ ಹೋಗುತ್ತೆ. ಶೋರೂಮಿನವನು ನಾಳೆಯಿಂದ ನನಗೆ ಒಂದು ಸೂಜಿ ಕೆಲಸಾನೂ ಕೊಡಲ್ಲ. ನಿಮ್ಮಕ್ಕಂಗೆ ಗುಂಡಿ ಒತ್ತೋಕೆ ಏನು ಕಷ್ಟವಂತೆ?" ಅಂದ. ಏನು ಹೇಳಲಿ? ನಿನ್ನ ಮಾತನ್ನು ನಾನು ಅವನ ಮುಂದೆ ಹೇಗೆ ಬಿಚ್ಚಲಿ? ಕೆಲಸಕ್ಕೆ ಹಿಂದಿರುಗಿದೆ.

ಅಕ್ಕ, ನಿನ್ನ ಕಾಗದದಲ್ಲಿ ನೀರು ಕೊರಳಿಗೆ ಬಂತು ಎನ್ನುವಲ್ಲಿಗೆ ಬಂದರೆ ಮುಂದಕ್ಕೆ ಓದಲು ನನಗೆ ಆಗುತ್ತಿಲ್ಲ. ಅದೇ ನೀರಿನ ಕಾರನ್ನು ನಾನೇ ಆರಿಸಿ ಬಣ್ಣದ ಕಾಗದ ಸುತ್ತಿ ಕಳಿಸುತ್ತಿದ್ದೆ. ಯಾಕೆ ಬೇಡ ಎಂದು ಇನ್ನೊಂದು ಸಲ ಕೇಳಬಹುದಿತ್ತು. ಕಾರಣ ಕೇಳಬೇಡ ಅಂದೆಯಲ್ಲ, ಸಿಟ್ಟಿನಲ್ಲಿ ನಿಜವಾಗಿಯೂ ಕೇಳಲಿಲ್ಲ.

ಕಾರು ಜೂನ್ 6ಕ್ಕೆ ಬರುತ್ತದೆ. ಏನು ಮಾಡಲಿ ಹೇಳು.

ತಮ್ಮ

ಮೇ 25

ತಮ್ಮಾ,

ಅಳಬೇಡ. ನೀನು ಅತ್ತಿದ್ದೀಯೆಂದು ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಮೇಸ್ತ್ರಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರವಿಲ್ಲದೆ ಅವರು ಯಾಕೆ ತಮ್ಮ ಅನ್ನಕ್ಕೆ ಕಲ್ಲು ಹಾಕಿಕೊಳ್ಳಬೇಕು? ನಾನು ಇಲ್ಲಿ ಯೋಚಿಸಿದೆ. ಇದನ್ನು ಯಾರಿಗೂ ಹೇಳಬಾರದು ಎಂದು ನಾನು ಹಿಡಿದುಕೊಂಡದ್ದರಿಂದಲೇ ಅಜ್ಜಿಯ ಬೆರಳು ಹೋಯಿತು, ನಿನ್ನ ಉಡುಗೊರೆ ಹಾಳಾಯಿತು. ನಿನ್ನೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ತಲೆ ಎತ್ತಿಕೊಂಡೇ ಹೇಳಿದೆ. ಜೂನ್ ಮುಗಿಯುವವರೆಗೆ ಕಾಯುತ್ತೇನೆ, ಅದರಾಚೆ ನನ್ನ ಕೈಯಲ್ಲಿಲ್ಲ ಅಂದರು.

ನಿನ್ನ ಕಾಗದಗಳನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ನಿನಗೆ ಓದಲು ಆಗದಿದ್ದರೆ ನಿನ್ನವಳ ಕೈಗೆ ಕೊಡು, ಅವಳಿಗೆ ಗಟ್ಟಿ ಗಂಟಲಿದೆ. ಮೇಸ್ತ್ರಿಗೆ ಓದಲಿ, ಅಲ್ಲಿರುವ ಎಲ್ಲರಿಗೂ ಓದಲಿ. ವಾಂತಿ ಮಾಡಿಕೊಂಡದ್ದನ್ನೂ ಬಿಡುವುದು ಬೇಡ. ಕೇಳಿದ ಮೇಲೂ ಆಗುವುದಿಲ್ಲ ಅಂದರೆ ಕಾರನ್ನು ಮಾರಿಬಿಡು, ನಾನು ಒಳಗೆ ಕೂರುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಅಕ್ಕ

ಓದಿ ಮುಗಿಸಿ ತಮ್ಮನ ಹೆಂಡತಿ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. ದೊಡ್ಡ ಮೇಸ್ತ್ರಿ ಎದ್ದು, "ಹೊತ್ತಾಯ್ತು, ಬೀಗ ಹಾಕಬೇಕು," ಎಂದಷ್ಟೇ ಹೇಳಿದ.

ಮರುದಿನ ಬೆಳಿಗ್ಗೆ ಪೇಂಟರ್ ಬಂದಾಗ ಮೇಸ್ತ್ರಿ ಆಗಲೇ ಬಂದು ಹೊಸ ಕಾರಿನೊಳಗೆ ಕೂತಿದ್ದ. ಟಾಪ್ ಮುಚ್ಚಿತ್ತು, ಗಾಜುಗಳು ಏರಿದ್ದವು. "ಬ್ಯಾಟರಿ ವೈರ್ ತೆಗಿ. ಪೈಪಲ್ಲಿ ನೀರು ಬಿಡು, ಮೇಲಿಂದ. ನಾನು ಹೇಳೋ ತನಕ ನಿಲ್ಲಿಸ್ಬೇಡ," ಎಂದು ಒಳಗಿನಿಂದ ಕೂಗಿದ. ಪೇಂಟರ್ ವೈರ್ ಬಿಚ್ಚಿ ಪೈಪು ಹಿಡಿದ. ನೀರು ಗಾಜಿನ ಮೇಲೆ ಪರದೆಯ ಹಾಗೆ ಇಳಿಯಿತು. ಒಳಗೆ ಗುಂಡಿಯನ್ನು ಒತ್ತುವ ಸಪ್ಪಳ, ಮತ್ತೆ ಒತ್ತುವ ಸಪ್ಪಳ. ಅಷ್ಟರಲ್ಲಿ ವೆಲ್ಡರ್ ಬಂದ. "ಏನೋ ಇದು, ಯಜಮಾನರಿಗೆ ಸ್ನಾನ ಮಾಡಿಸ್ತಿದೀಯಾ?" ಎಂದು ನಗಲು ಹೋದವನು ಕಾರಿನೊಳಗಿನ ಮುಖ ನೋಡಿ ನಿಲ್ಲಿಸಿದ.

ಬಾಗಿಲು ದಢಾರನೆ ತೆರೆದುಕೊಂಡಿತು. ಮೇಸ್ತ್ರಿ ಹೊರಗೆ ಬಂದು, ಹರಿಯುವ ನೀರಲ್ಲೇ ನಿಂತು, ಮಂಡಿಯ ಮೇಲೆ ಕೈಯೂರಿ ಉಸಿರೆಳೆದುಕೊಂಡ.

"ನನಗೆ ಬಾಗಿಲು ತೆಗೀತಪ್ಪ," ಎಂದ. "ಆ ತಾಯಿಗೆ ತೆಗೀಲಿಲ್ಲ."

"ಶೋರೂಮಿನವರು ಕೇಳಿದ್ರೆ?" ಎಂದ ಪೇಂಟರ್.

"ಕೇಳ್ಲಿ. ಅವನನ್ನೂ ಟೈ ಸಮೇತ ಇದರೊಳಗೆ ಕೂರಿಸಿ ನೀರು ಬಿಡ್ತೀನಿ. ಮೋಟರ್ ಬಿಚ್ಚು ಮೊದಲು."

ಗಂಡಹೆಂಡತಿ ಕೆಲಸಕ್ಕೆ ಬಂದಾಗ ಮೋಟರ್ ನೆಲದ ಮೇಲೆ ಗೋಣಿತಾಟಿನಲ್ಲಿತ್ತು, ತಾನೇ ಲಾಕ್ ಹಾಕಿಕೊಳ್ಳುವ ವೈರೂ ಅದರ ಪಕ್ಕದಲ್ಲಿತ್ತು. ವೆಲ್ಡರ್ ಕಂಬಿ ಬಗ್ಗಿಸುತ್ತಿದ್ದ. ತಮ್ಮ ಏನೋ ಹೇಳಲು ಬಾಯಿ ತೆರೆದ. "ಆಮೇಲೆ ಮಾತಾಡು, ಈ ತುದಿ ಹಿಡಿ," ಎಂದ ಮೇಸ್ತ್ರಿ.

ಮಧ್ಯಾಹ್ನದ ಹೊತ್ತಿಗೆ ಕೊಂಡಿ ಕೂತಿತು. ಒಳಗಿನಿಂದ ಟಾಪ್ ಎಳೆಯಲು ಒಂದು ಪಟ್ಟಿ ಬೇಕಿತ್ತು. ತಮ್ಮನ ಹೆಂಡತಿ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಿಷನ್ನಿಗೆ ಹಾಕಿ, "ಅತ್ತಿಗೆ ಕೈ ಎಲ್ಲಿವರೆಗೆ ಬರುತ್ತೆ?" ಎಂದು ಕೇಳಿದಳು. ತಮ್ಮ ಡ್ರೈವರ್ ಸೀಟಿನಲ್ಲಿ ಕೂತು, "ಅಕ್ಕ ನನಗಿಂತ ಗಿಡ್ಡ," ಎಂದು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಭುಜ ಕುಗ್ಗಿಸಿ ಕೈ ಎತ್ತಿ ತೋರಿಸಿದ. ಅಲ್ಲಿಗೆ ಪಟ್ಟಿ ಹೊಲಿದಳು.

ಬಾಗಿಲು ಹಾಕಿ, ಗಾಜು ಏರಿಸಿ, ಟಾಪ್ ಮುಚ್ಚಿದರು. ಒಳಗೆ ತಮ್ಮ ಕಣ್ಣು ಮುಚ್ಚಿಕೊಂಡು ಕೈಯನ್ನು ಮೇಲಕ್ಕೆ ಚಾಚಿದ. ಪಟ್ಟಿ ಬೆರಳಿಗೆ ಸಿಕ್ಕಿತು. ಎಳೆದ. ಕೊಂಡಿ ಬಿಟ್ಟು ಟಾಪ್ ಹಿಂದಕ್ಕೆ ಬಿತ್ತು, ಮುಖದ ಮೇಲೆ ಬೆಳಕು ಬಂತು.

"ಇನ್ನೊಂದ್ಸಲ," ಎಂದ ಮೇಸ್ತ್ರಿ.